ಒಂದೂವರೆ ಟನ್ ತಂಪಿನ ಬಾಬತ್ತು

ಪುಣೆಯಲ್ಲಿ ಹಳೆಯ ಎ.ಸಿ. ತೆಗೆಸಿ ಹೊಸದು ಹಾಕಿಸಲು ಎಷ್ಟಾಗುತ್ತದೆ ಎಂದು ಕೇಳಿದರೆ ಅಂಗಡಿಯವರು ಒಂದು ಅಂಕಿ ಹೇಳುತ್ತಾರೆ, ಕೊನೆಯ ಬಿಲ್ಲು ಇನ್ನೊಂದು ಅಂಕಿ ಹೇಳುತ್ತದೆ. ಒಂದೂವರೆ ಟನ್ನಿನ ತ್ರೀ ಸ್ಟಾರ್ ಸ್ಪ್ಲಿಟ್ ಎ.ಸಿ.ಗೆ ಈಗ ಹೆಚ್ಚುಕಡಿಮೆ 35 ಸಾವಿರ ರೂಪಾಯಿ. ಅದರ ಮೇಲೆ ಹಳೆಯದನ್ನು ಬಿಚ್ಚುವ ಕೂಲಿ, ಹೊಸದನ್ನು ಕೂರಿಸುವ ಕೂಲಿ, ಔಟ್‌ಡೋರ್ ಯೂನಿಟ್ಟಿಗೆ ಕಬ್ಬಿಣದ ಸ್ಟ್ಯಾಂಡು, ಡಬ್ಬಿಯಲ್ಲಿ ಬಂದದ್ದು ಸಾಲದಿದ್ದರೆ ಹೆಚ್ಚುವರಿ ತಾಮ್ರದ ಪೈಪು, ಗೋಡೆ ಕೊರೆಯುವುದು, ಹಳೆಯ ವೈರು ತಾಳದಿದ್ದರೆ ಹೊಸ ವೈರು. ಎಲ್ಲ ಸೇರಿ ಇನ್ನೂ ಐದರಿಂದ ಹತ್ತು ಸಾವಿರ ಏರುವುದು ಮಾಮೂಲು.

ಈ ಬಿಲ್ಲನ್ನು ನಾವು ಖರ್ಚಿನ ಪಟ್ಟಿಯಂತೆ ಓದುತ್ತೇವೆ. ಅದನ್ನು ಚರಿತ್ರೆಯ ದಾಖಲೆಯಂತೆಯೂ ಓದಬಹುದು. ಅದರ ಒಂದೊಂದು ಸಾಲಿನ ಹಿಂದೆಯೂ ಯಾರೋ ಎಂದೋ ಮಾಡಿದ ನಿರ್ಧಾರವಿದೆ. ಆ ನಿರ್ಧಾರ ಮಾಡಿದವರು ಬೇರೆ, ಇಂದು ಹಣ ಕೊಡುವವರು ಬೇರೆ.

ಮೊದಲ ಸಾಲಿನಲ್ಲೇ ಇರುವ ‘ಟನ್’ ಎಂಬ ಪದದಿಂದ ಶುರು ಮಾಡೋಣ. ಅದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಎಷ್ಟು ಶಾಖವನ್ನು ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. ಇದು ಅಮೆರಿಕದ 2,000 ಪೌಂಡಿನ ಟನ್, ಅಂದರೆ ಸುಮಾರು 907 ಕಿಲೋ. ಇಂದಿನ ಲೆಕ್ಕದಲ್ಲಿ ಮೂರೂವರೆ ಕಿಲೋವ್ಯಾಟ್. ಯಂತ್ರಗಳು ಬರುವ ಮೊದಲು ತಂಪನ್ನು ಮಾರುತ್ತಿದ್ದವರು ಮಂಜಿನ ವ್ಯಾಪಾರಿಗಳು. ಯಂತ್ರ ಬಂದಾಗ ಗಿರಾಕಿಗಳಿಗೆ ಅರ್ಥವಾಗುವ ಅಳತೆ ಮಂಜಿನದೇ ಆಗಿತ್ತು.

ಆ ವ್ಯಾಪಾರ ನಮ್ಮ ದೇಶಕ್ಕೂ ಬಂದಿತ್ತು. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ‘ಟಸ್ಕನಿ’ ಎಂಬ ಹಡಗಿನಲ್ಲಿ 180 ಟನ್ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪ್ರಯಾಣದ ಬಳಿಕ ಸುಮಾರು 100 ಟನ್ ಉಳಿದಿತ್ತು. ಮುಂದೆ ಮದ್ರಾಸು, ಬೊಂಬಾಯಿಗಳಲ್ಲೂ ಐಸ್ ಹೌಸ್‌ಗಳು ಎದ್ದವು. ಮದ್ರಾಸಿನದು ಈಗ ವಿವೇಕಾನಂದರ ಹೆಸರಿನ ಭವನ. ಕರಗಿಹೋದ 80 ಟನ್ನಿನ ಬೆಲೆಯನ್ನೂ ಉಳಿದ 100 ಟನ್ ಕೊಂಡವರೇ ಕೊಡಬೇಕಿತ್ತು. ತಂಪಿನ ಬೆಲೆಯಲ್ಲಿ ಸೋರಿಕೆಯ ಬೆಲೆ ಸೇರುವುದು ಅಂದಿನಿಂದಲೇ ಇದೆ.

ಪುಣೆ ಈ ಕತೆಯಲ್ಲಿ ಬೇರೆಯದೇ ಊರು. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದ್ದು, ಜನ ತಂಪನ್ನು ಹುಡುಕಿಕೊಂಡು ಇಲ್ಲಿಗೇ ಬರುತ್ತಿದ್ದರು. ಬೊಂಬಾಯಿಯ ಗವರ್ನರು ಮಳೆಗಾಲ ಕಳೆಯುತ್ತಿದ್ದುದು ಇಲ್ಲಿ. 1864ರಲ್ಲಿ ಗಣೇಶಖಿಂಡಿಯಲ್ಲಿ ಅವರಿಗಾಗಿ ಕಟ್ಟಲು ತೊಡಗಿದ ಬಂಗಲೆಯೇ ಈಗ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. 1928ರಲ್ಲಿ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಸಿಮ್ಲಾ ಬಿಟ್ಟು ಪುಣೆಗೆ ಬಂತು. ಶಿವಾಜಿನಗರದ ಆ ಕಟ್ಟಡವನ್ನು ಜನ ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ.

ಹಾಗೆಂದು ಇಲ್ಲಿ ಬಿಸಿಲು ಇರಲಿಲ್ಲವೆಂದಲ್ಲ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 38-40 ಡಿಗ್ರಿ ಇಲ್ಲಿ ಹೊಸದೇನೂ ಅಲ್ಲ. ಆದರೆ ಗಾಳಿ ಒಣ, ರಾತ್ರಿ ತಂಪು. ಹಗಲಿಗೂ ರಾತ್ರಿಗೂ ಇರುವ ಈ ಅಂತರವನ್ನು ಬಳಸಿಕೊಳ್ಳುವಂತೆ ಇಲ್ಲಿನ ಹಳೆಯ ಮನೆಗಳು ಇದ್ದವು. ಬೆಳಗಾವಿ, ಧಾರವಾಡ ಕಡೆಯವರಿಗೆ ‘ವಾಡೆ’ ಎಂದರೆ ವಿವರಿಸಬೇಕಿಲ್ಲ. ನಮ್ಮ ದೇಸಾಯರ ವಾಡೆ, ಪುಣೆಯ ಪೇಠೆಗಳ ವಾಡೆ ಒಂದೇ ಪದ, ಹತ್ತಿರದ ನೆಂಟರು. ನಡುವೆ ಆಕಾಶಕ್ಕೆ ತೆರೆದ ಚೌಕ, ಸುತ್ತ ಪಡಸಾಲೆ, ಇಟ್ಟಿಗೆ ಮಣ್ಣಿನ ದಪ್ಪ ಗೋಡೆ. ಗೋಡೆ ಹಗಲಿನ ಶಾಖವನ್ನು ನಿಧಾನವಾಗಿ ಹೀರುತ್ತಿತ್ತು, ರಾತ್ರಿ ಚೌಕದ ದಾರಿಯಲ್ಲಿ ಬಿಟ್ಟುಕೊಡುತ್ತಿತ್ತು. 1750ರ ಸುಮಾರಿಗೆ ನಾನಾಸಾಹೇಬ ಪೇಶವೆ ಕಾತ್ರಜ್ ಕೆರೆಯಿಂದ ನೆಲದಡಿಯ ಕಾಲುವೆಯಲ್ಲಿ ಶನಿವಾರವಾಡೆಗೂ ಊರಿನ ಹೌದುಗಳಿಗೂ ನೀರು ತರಿಸಿದರು. ಬೇಸಿಗೆಗೆ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದಿತ್ತು. ಲಾವಂಚಕ್ಕೆ ಮರಾಠಿಯಲ್ಲಿ ‘ವಾಳಾ’, ಕನ್ನಡದಲ್ಲಿ ‘ಬಾಳದ ಬೇರು’, ‘ಮುಡಿವಾಳ’ ಎಂಬ ಹೆಸರುಗಳೂ ಇವೆ. ಎರಡು ಭಾಷೆಗಳು ಒಂದೇ ಬೇರನ್ನು ಹಂಚಿಕೊಂಡಿವೆ.

ವಾಡೆಗಳನ್ನು ಬಣ್ಣಿಸುವಾಗ ಒಂದು ಮಾತು ಮರೆಯಬಾರದು. ಇಪ್ಪತ್ತನೇ ಶತಮಾನದ ಹೊತ್ತಿಗೆ ಅವುಗಳಲ್ಲಿ ಬಹಳಷ್ಟು ಬಾಡಿಗೆದಾರರ ಪುಟ್ಟ ಪುಟ್ಟ ಕೋಣೆಗಳಾಗಿ ಒಡೆದುಹೋಗಿದ್ದವು. 1947ರ ಬೊಂಬಾಯಿ ಬಾಡಿಗೆ ಕಾಯಿದೆ ಬಾಡಿಗೆಯನ್ನು ಕಟ್ಟಿಹಾಕಿದ ಮೇಲೆ ರಿಪೇರಿ ಮಾಡಿಸುವ ಉಮೇದು ಮಾಲೀಕರಿಗೆ ಉಳಿಯಲಿಲ್ಲ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು ಮುಠಾ ನದಿ ಪೇಠೆಗಳಿಗೆ ನುಗ್ಗಿದಾಗ ಮಣ್ಣಿನ ಗೋಡೆಗಳು ಕುಸಿದುಬಿದ್ದವು. ಮನೆ ಕಳೆದುಕೊಂಡವರಿಗಾಗಿ ಊರಿನ ಅಂಚಿನಲ್ಲಿ ಹೊಸ ವಸತಿಗಳು ಎದ್ದವು. ಎರಡೇ ವರ್ಷದಲ್ಲಿ, 1963ರಲ್ಲಿ, ಮಹಾರಾಷ್ಟ್ರದ ಫ್ಲ್ಯಾಟ್ ಮಾಲೀಕತ್ವದ ಕಾಯಿದೆ ಬಂತು. ವಾಡೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವ ಕೆಲಸ ಮುಂದಿನ ದಶಕಗಳಲ್ಲಿ ನಿಲ್ಲಲೇ ಇಲ್ಲ.

ಅಪಾರ್ಟ್‌ಮೆಂಟು ಶೌಚಾಲಯ, ನಲ್ಲಿ ನೀರು, ಸ್ವಂತ ಬಾಗಿಲು ಕೊಟ್ಟಿತು. ಅದಕ್ಕೆ ಕಾದಿದ್ದವರಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ತೆಳುಗೋಡೆ ಮತ್ತು ಆರ್.ಸಿ.ಸಿ. ಚಾವಣಿ ಬಂದಾಗ ಗೋಡೆ ಮಾಡುತ್ತಿದ್ದ ಕೆಲಸ ನಿಂತುಹೋಯಿತು. ಬಿಸಿಲಿಗೆ ನೇರವಾಗಿ ತೆರೆದ ಸ್ಲ್ಯಾಬು ಹಗಲೆಲ್ಲ ಕಾದು, ಜನ ಮಲಗುವ ಹೊತ್ತಿಗೆ ಶಾಖವನ್ನು ಕೋಣೆಯೊಳಗೆ ಬಿಡುತ್ತದೆ. ಮೇಲಿನ ಮಹಡಿಯಲ್ಲಿದ್ದವರಿಗೆ ಇದನ್ನು ಹೇಳಬೇಕಿಲ್ಲ. ವಾಡೆಯ ಗೋಡೆಗೆ ಒಮ್ಮೆ ಖರ್ಚು ಮಾಡಿದರೆ ತಲೆಮಾರುಗಟ್ಟಲೆ ನಡೆಯುತ್ತಿತ್ತು. ಅದೇ ಕೆಲಸವನ್ನು ಎ.ಸಿ.ಗೆ ವಹಿಸಿದ ಮೇಲೆ ಹತ್ತು-ಹನ್ನೆರಡು ವರ್ಷಕ್ಕೊಮ್ಮೆ ಪೂರ್ತಿ ಹಣ ತೆರಬೇಕು. ಗೋಡೆಯಲ್ಲಿ ಉಳಿಸಿದ್ದು ಕಟ್ಟಿದವರು, ಎ.ಸಿ.ಗೆ ಕೊಡುವವರು ಇರುವವರು.

ಇನ್ನು ಯಂತ್ರ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನಲ್ಲಿ ರೂಪಿಸಿದ ವ್ಯವಸ್ಥೆ ಮನುಷ್ಯರ ಸುಖಕ್ಕಾಗಿ ಇರಲಿಲ್ಲ. ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕಾಗಿ. ನಮ್ಮಲ್ಲೂ ತಂಪು ಮೊದಲು ಸೇರಿದ್ದು ಕಾರ್ಖಾನೆ, ಆಸ್ಪತ್ರೆ, ಸಿನಿಮಾ ಮಂದಿರಗಳಿಗೆ. ಬ್ಲೂ ಸ್ಟಾರ್ 1943ರಲ್ಲಿ, ವೋಲ್ಟಾಸ್ 1954ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದವು. ಪುಣೆಯ ಪಾಲು 1958ರಲ್ಲಿ ಆರಂಭವಾದ ಕಿರ್ಲೋಸ್ಕರ್ ನ್ಯೂಮ್ಯಾಟಿಕ್. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುವಾದ ಮನೆತನದ ಈ ಕಂಪನಿ ಮಾಡಿದ ಕಂಪ್ರೆಸರುಗಳು ಹಾಲು ಕೆಡದಂತೆ, ಮಂಜು ಕಟ್ಟುವಂತೆ ದುಡಿದವು. ಮಲಗುವ ಕೋಣೆಯ ತಂಪು ಬಹುಕಾಲ ಶ್ರೀಮಂತರ ಸೊತ್ತಾಗಿಯೇ ಉಳಿಯಿತು.

ತೆರಿಗೆಯವರ ಕಣ್ಣಿಗೂ ಅದು ಹಾಗೇ ಕಂಡಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಎ.ಸಿ.ಯನ್ನು ಶೇ. 28ರ ಮೇಲಿನ ಸ್ತರದಲ್ಲಿಟ್ಟರು. ಸಿಮೆಂಟೂ ಅದೇ ಸ್ತರದಲ್ಲಿತ್ತು. ಮನೆಯನ್ನು ಕಾಯಿಸುವ ವಸ್ತು, ತಣಿಸುವ ವಸ್ತು ಎರಡೂ ಒಂದೇ ಸಾಲಿನಲ್ಲಿದ್ದು, 2025ರ ಸೆಪ್ಟೆಂಬರ್ 22ರಂದು ಒಟ್ಟಿಗೇ ಶೇ. 18ಕ್ಕೆ ಇಳಿದವು. ತೆರಿಗೆ ಸೇರದ ಬೆಲೆ 30,000 ರೂಪಾಯಿ ಇದ್ದರೆ ಮೊದಲು 38,400 ಕೊಡಬೇಕಿತ್ತು, ಈಗ 35,400. ವಾರ್ಷಿಕ ಸೇಲ್‌ಗಳಲ್ಲಿ ಸಿಗುವ ಕಡಿತದಷ್ಟೇ ಮೊತ್ತ, ಆದರೆ ಇದು ವರ್ಷವಿಡೀ ಇರುತ್ತದೆ.

ಸ್ಟಾರ್ ಎಷ್ಟಿರಬೇಕು ಎಂಬುದು ಮುಂದಿನ ಪ್ರಶ್ನೆ. ಇಂಧನ ದಕ್ಷತಾ ಬ್ಯೂರೋದ ಸ್ಟಾರ್ ಲೇಬಲ್ 2006ರಲ್ಲಿ ಆರಂಭವಾಯಿತು, 2010ರಿಂದ ಕೋಣೆ ಎ.ಸಿ.ಗಳಿಗೆ ಕಡ್ಡಾಯವಾಯಿತು. ಲೇಬಲ್ಲಿನ ಮೇಲಿನ ವಾರ್ಷಿಕ ಯೂನಿಟ್ಟುಗಳು ವರ್ಷಕ್ಕೆ 1,600 ಗಂಟೆ ಓಡುತ್ತದೆ ಎಂಬ ಲೆಕ್ಕದವು. ತ್ರೀ ಸ್ಟಾರಿಗೂ ಫೈವ್ ಸ್ಟಾರಿಗೂ ವರ್ಷಕ್ಕೆ 200 ಯೂನಿಟ್ ಅಂತರ, ಯೂನಿಟ್ಟಿಗೆ 12 ರೂಪಾಯಿ ಎಂದು ಹಿಡಿಯೋಣ. ಉಳಿತಾಯ 2,400 ರೂಪಾಯಿ. ಖರೀದಿಯಲ್ಲಿ 9,000 ಹೆಚ್ಚು ಕೊಟ್ಟಿದ್ದರೆ ನಾಲ್ಕು ವರ್ಷದೊಳಗೆ ಗಿಟ್ಟುತ್ತದೆ. ಆದರೆ ಪುಣೆಯಲ್ಲಿ ಬೇಸಿಗೆಯ ರಾತ್ರಿಗಳಲ್ಲಷ್ಟೇ, 600 ಗಂಟೆ ಓಡಿಸುವ ಮನೆಗೆ ಅದೇ 9,000 ಗಿಟ್ಟಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಯಂತ್ರದ ಆಯಸ್ಸೇ ಮುಗಿದಿರುತ್ತದೆ. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ, ಹಗಲೂ ಓಡಿಸಬೇಕಾದ ವಯಸ್ಸಾದವರಿಗೆ ಈ ಲೆಕ್ಕ ತಿರುಗಿಬೀಳುತ್ತದೆ. ಲೇಬಲ್ಲಿನ ಗಂಟೆಗಳ ಜಾಗದಲ್ಲಿ ನಿಮ್ಮ ಮನೆಯ ಗಂಟೆಗಳನ್ನು ಇಟ್ಟು ನೋಡಬೇಕು.

ಬಿಲ್ಲಿನಲ್ಲಿ ನನ್ನನ್ನು ಹೆಚ್ಚು ಕಾಡುವ ಸಾಲು ‘ಗ್ಯಾಸ್’. ಉಪಕರಣಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವಾಗ ಪ್ರತಿಸಲ ಈ ಪದದ ಮುಂದೆ ನಿಲ್ಲುತ್ತೇನೆ. ನಾವು ‘ಗ್ಯಾಸ್ ಖಾಲಿಯಾಗಿದೆ’, ‘ಗ್ಯಾಸ್ ತುಂಬಿಸಬೇಕು’ ಎನ್ನುತ್ತೇವೆ. ಈ ಮಾತು ಅಡುಗೆಮನೆಯ ಸಿಲಿಂಡರಿನಿಂದ ಬಂದದ್ದು. ಅಲ್ಲಿ ಗ್ಯಾಸ್ ಉರಿದು ಮುಗಿಯುತ್ತದೆ. ಎ.ಸಿ.ಯಲ್ಲಿ ಗ್ಯಾಸ್ ಮುಗಿಯುವುದಿಲ್ಲ. ಮುಚ್ಚಿದ ಪೈಪಿನೊಳಗೆ ಆವಿಯಾಗಿ, ಮತ್ತೆ ದ್ರವವಾಗಿ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ತುಂಬಿಸಿದರೆ ಮುಂದಿನ ಬೇಸಿಗೆಗೆ ಮತ್ತೆ ಅದೇ ಎರಡೂವರೆ-ಮೂರು ಸಾವಿರ. ಎರಡು ಮೂರು ಸಲ ಹೀಗಾದ ಮೇಲೆ ‘ಇದು ಹೋಯಿತು, ಹೊಸದು ತಗೊಳ್ಳಿ’ ಎಂಬ ಸಲಹೆ ಬರುತ್ತದೆ. ಒಂದು ಕ್ರಿಯಾಪದ ತಪ್ಪು ಜಾಗದಲ್ಲಿ ಕೂತರೆ ಮನೆಯವರಿಗೆ ಎಷ್ಟು ನಷ್ಟವಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ಗ್ಯಾಸಿಗೂ ಚರಿತ್ರೆಯಿದೆ. ಹತ್ತು-ಹದಿನೈದು ವರ್ಷ ಹಳೆಯ ಎ.ಸಿ.ಗಳಲ್ಲಿ ಹೆಚ್ಚಾಗಿ ಇರುವುದು ಆರ್-22. ಇಂಥ ಅನಿಲಗಳಲ್ಲಿರುವ ಕ್ಲೋರಿನ್ ಓಝೋನ್ ಪದರವನ್ನು ಕೊರೆಯುತ್ತದೆ ಎಂದು 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತ ಅದನ್ನು ಸೇರಿತು. 2025ರ ಜನವರಿ 1ರಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಆರ್-22 ನಿಂತಿದೆ. ರಿಪೇರಿಗೆ ಇನ್ನೂ ಅವಕಾಶವಿದೆ. ‘ಈ ಗ್ಯಾಸ್ ಈಗ ಸಿಗುವುದೇ ಇಲ್ಲ’ ಎಂಬ ಮಾತನ್ನು ಕೇಳಿದ ಕೂಡಲೇ ನಂಬಬೇಕಿಲ್ಲ. ಆದರೆ ಅದರ ಜಾಗಕ್ಕೆ ಬಂದ ಆರ್-32ನ್ನು ಹಳೆಯ ಯಂತ್ರಕ್ಕೆ ತುಂಬಲಾಗದು. ಒತ್ತಡ ಸುಮಾರು ಒಂದೂವರೆ ಪಟ್ಟು ಹೆಚ್ಚು, ಎಣ್ಣೆ ಬೇರೆ, ಸ್ವಲ್ಪ ಉರಿಯುವ ಗುಣವೂ ಇದೆ. ಆರ್-22 ಯಂತ್ರದ ಕಂಪ್ರೆಸರ್ ಸುಟ್ಟರೆ ಹಲವು ಮನೆಗಳು ರಿಪೇರಿ ಬಿಟ್ಟು ಇಡೀ ಯಂತ್ರವನ್ನೇ ಬದಲಿಸುವುದು ಇದಕ್ಕೇ. ಹಳೆಯ ತಾಮ್ರದ ಪೈಪನ್ನು ಉಳಿಸಿಕೊಳ್ಳಲೂ ಮೆಕ್ಯಾನಿಕ್ಕುಗಳು ಹಿಂಜರಿಯುತ್ತಾರೆ.

ಪುಣೆಯ ಬಳಿಯೇ ಇನ್ನೊಂದು ದಾರಿಯ ಪ್ರಯೋಗವೂ ನಡೆದಿದೆ. ಗೋದ್ರೆಜ್ ಕಂಪನಿ ಸಾತಾರಾ ರಸ್ತೆಯ ಶಿರವಳದ ತನ್ನ ಕಾರ್ಖಾನೆಯಲ್ಲಿ ಪ್ರೊಪೇನ್, ಅಂದರೆ ಆರ್-290, ಬಳಸುವ ಎ.ಸಿ.ಗಳನ್ನು ತಯಾರಿಸಿ 2012ರಲ್ಲಿ ಮಾರುಕಟ್ಟೆಗೆ ತಂದಿತು. ಭೂಮಿಯನ್ನು ಬಿಸಿ ಮಾಡುವ ಶಕ್ತಿಯಲ್ಲಿ ಒಂದು ಕಿಲೋ ಆರ್-22 ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ, ಆರ್-32 675 ಕಿಲೋಗೆ, ಆರ್-290 ಮೂರು ಕಿಲೋದ ಆಸುಪಾಸಿಗೆ. ಪ್ರೊಪೇನ್ ಚೆನ್ನಾಗಿ ಉರಿಯುವುದರಿಂದ ಅದನ್ನು ಕೂರಿಸಲು, ರಿಪೇರಿ ಮಾಡಲು ತರಬೇತಿ ಪಡೆದ ಕೈ ಬೇಕು.

ಹಳೆಯ ಎ.ಸಿ. ಬಿಚ್ಚುವ ದಿನ ಏನಾಗುತ್ತದೆ ಎಂಬುದು ಬಿಲ್ಲಿನಲ್ಲಿ ಬರುವುದಿಲ್ಲ. ಅವಸರದಲ್ಲಿದ್ದವರು ನಟ್ಟು ಸಡಿಲಿಸಿ ಗ್ಯಾಸನ್ನು ಗಾಳಿಗೆ ಬಿಡುತ್ತಾರೆ. ಒಂದು ಕಿಲೋ ಬಿಟ್ಟರೆ ಮೇಲಿನ ಲೆಕ್ಕದಂತೆ 1.8 ಟನ್. ಕಂಪ್ರೆಸರ್ ಓಡುವ ಸ್ಥಿತಿಯಲ್ಲಿದ್ದರೆ ವಾಲ್ವು ಮುಚ್ಚಿ ಗ್ಯಾಸನ್ನೆಲ್ಲ ಔಟ್‌ಡೋರಿಗೆ ಎಳೆದುಕೊಳ್ಳಬಹುದು. ಕೆಲವೇ ನಿಮಿಷದ ಕೆಲಸ. ಮೆಕ್ಯಾನಿಕ್ಕುಗಳು ಇದಕ್ಕೆ ‘ಪಂಪ್ ಡೌನ್’ ಎನ್ನುತ್ತಾರೆ. ಕೂಲಿ ಗೊತ್ತು ಮಾಡುವಾಗಲೇ ‘ಪಂಪ್ ಡೌನ್ ಮಾಡ್ತೀರಾ?’ ಎಂದು ಕೇಳಿದರೆ ಸಾಕು, ಬಹಳ ಸಲ ಕೆಲಸ ಆಗುತ್ತದೆ. ಯಂತ್ರ ಗುಜರಿಗೆ ಹೋದ ಮೇಲೆ ಆ ಗ್ಯಾಸಿನ ಗತಿ ಏನು ಎಂಬುದು ಮಾತ್ರ ಗುಜರಿಯವರು ಅದನ್ನು ಎಷ್ಟು ಜೋಪಾನವಾಗಿ ಒಡೆಯುತ್ತಾರೆ ಎಂಬುದಕ್ಕೆ ಬಿಟ್ಟದ್ದು.

ಇಂದು ಕೊಳ್ಳುವ ಆರ್-32 ಯಂತ್ರಕ್ಕೂ ಮುಂದಿನ ತಾರೀಕುಗಳು ನಿಗದಿಯಾಗಿವೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿದೆ. ಅದರಂತೆ ಆರ್-32 ಸೇರಿದ ಗುಂಪಿನ ಅನಿಲಗಳ ಬಳಕೆಯನ್ನು 2032ಕ್ಕೆ ಶೇ. 10, 2037ಕ್ಕೆ ಶೇ. 20, 2047ಕ್ಕೆ ಶೇ. 85 ಕಡಿಮೆ ಮಾಡಬೇಕು. ಈ ವರ್ಷ ಹಾಕಿಸಿದ ಎ.ಸಿ.ಯನ್ನು ತೆಗೆಸುವ ಹೊತ್ತಿಗೆ ನಾವು ಈ ಇಳಿಜಾರಿನ ನಡುವೆ ಇರುತ್ತೇವೆ. ಆಗಲೂ ಬಿಲ್ಲಿನಲ್ಲಿ ‘ಟನ್’ ಇರುತ್ತದೆ, ಗ್ಯಾಸಿನ ಹೆಸರು ಬೇರೆಯಾಗಿರಬಹುದು.

ಒಂದು ಖರ್ಚನ್ನು ಮಾತ್ರ ಯಾವ ಅಂಗಡಿಯವರೂ ಬಿಲ್ಲಿನಲ್ಲಿ ಬರೆಯುವುದಿಲ್ಲ. ಅದು ತಾರಸಿಯದು. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣವನ್ನೋ ಶಾಖ ತಡೆಯುವ ಪದರವನ್ನೋ ಮೇಲೆ ಹಾಕಿಸಿದರೆ ಸ್ಲ್ಯಾಬು ಅಷ್ಟು ಕಾಯುವುದಿಲ್ಲ, ಕೆಳಗಿನ ಎ.ಸಿ. ಅಷ್ಟು ದುಡಿಯಬೇಕಿಲ್ಲ. ಆದರೆ ತಾರಸಿ ಸೊಸೈಟಿಯದು. ಮೇಲಿನ ಮಹಡಿಯವರು ಒಬ್ಬರೇ ಹಾಕಿಸುವಂತಿಲ್ಲ, ಬಾಡಿಗೆಗಿದ್ದವರಿಗೆ ಸೊಸೈಟಿಯ ಮೀಟಿಂಗಿನಲ್ಲಿ ಕೂರುವ ಹಕ್ಕೂ ಇಲ್ಲ, ಮೊದಲ ಮಹಡಿಯವರಿಗೆ ಅದರ ಗರಜಿಲ್ಲ. ಮನೆ ಬಾಡಿಗೆಗೆ ಕೊಟ್ಟವರು ಸೊಸೈಟಿಯ ಮುಂದಿನ ಸಭೆಯಲ್ಲಿ ತಮ್ಮ ಬಾಡಿಗೆದಾರರ ಪರವಾಗಿ ಈ ವಿಷಯ ಎತ್ತಬಹುದು. ಖರ್ಚು ಎಲ್ಲ ಫ್ಲ್ಯಾಟುಗಳಿಗೆ ಹಂಚಿದರೆ ಒಬ್ಬೊಬ್ಬರ ಪಾಲು ಒಂದು ಎ.ಸಿ.ಯ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.