ಸೋಲಾ ಟೋಪಿಯ ನೆರಳು

ಹಳೆಯ ಫೋಟೋಗಳಲ್ಲಿ ಬ್ರಿಟಿಷ್ ಕಲೆಕ್ಟರು, ಇಂಜಿನಿಯರು, ಬೇಟೆಗಾರ ಯಾರೇ ಇರಲಿ, ತಲೆಯ ಮೇಲೆ ಬುಟ್ಟಿ ಬೋರಲು ಹಾಕಿದಂಥ ಒಂದು ಟೋಪಿ ಇದ್ದೇ ಇರುತ್ತದೆ. ಅದೇ ಸೋಲಾ ಟೋಪಿ. ಇಂಗ್ಲಿಷರಲ್ಲೇ ಎಷ್ಟೋ ಜನ ಅದನ್ನು 'ಸೋಲಾರ್' ಮಾಡಿ ಸೂರ್ಯನಿಗೆ ಗಂಟು ಹಾಕಿದ್ದರು. ಆದರೆ ಸೋಲಾ ಎಂಬುದು ಬಂಗಾಳದ ಜೌಗು ನೆಲದಲ್ಲಿ ಬೆಳೆಯುವ ಒಂದು ಗಿಡ. ಅದರ ಬೆಂಡಿನಿಂದ ಅಲ್ಲಿ ಮದುಮಗನ ಕಿರೀಟ ಮಾಡುತ್ತಾರೆ, ನಮ್ಮಲ್ಲಿ ಬೆಂಡಿನ ಬಾಸಿಂಗ ಕಟ್ಟುವ ಹಾಗೆ. ಹಗುರ, ಒಳಗೆ ಗಾಳಿಯಾಡುತ್ತದೆ. ಟೋಪಿಯಾಗಿ ಅದರಲ್ಲೇನೂ ದೋಷವಿಲ್ಲ. ಸಾಮ್ರಾಜ್ಯ ಅದರ ಮೇಲೆ ಹೊರಿಸಿದ ನಂಬಿಕೆಯೇ ವಿಚಿತ್ರ.

1857ರ ಬೇಸಿಗೆಯಲ್ಲಿ ಸಿಪಾಯಿ ದಂಗೆ ಅಡಗಿಸಲು ಹೊರಟ ಬಿಳಿಯ ಸೈನಿಕರು ಬಿಸಿಲಿಗೆ ಸಿಕ್ಕು ದಾರಿಯುದ್ದಕ್ಕೂ ಕುಸಿದುಬಿದ್ದರು. ಮೈಮೇಲೆ ಬಿಗಿಯಾದ ಸಮವಸ್ತ್ರ, ಬೆನ್ನ ಮೇಲೆ ಹೊರೆ. ಇಂಥ ಸಾವುಗಳಿಗೆ ವೈದ್ಯರು ಕ್ರಮೇಣ ಒಂದು ವಿವರಣೆ ಕಟ್ಟಿದರು: ಕೊಲ್ಲುವುದು ಬಿಸಿಯಲ್ಲ, ಕಿರಣ. ಉಷ್ಣವಲಯದ ಸೂರ್ಯನ ಕಾಣದ ಕಿರಣಗಳು ಬಿಳಿಯರ ತಲೆಬುರುಡೆಯನ್ನೂ ಬೆನ್ನುಹುರಿಯನ್ನೂ ತೂರಿ ಒಳಹೊಗುತ್ತವೆ ಎಂದು. ಹಾಗಾಗಿ ತಲೆಗೆ ಟೋಪಿಯಾಯಿತು, ಬೆನ್ನಿಗೆ ಹತ್ತಿ ತುಂಬಿ ಹೊಲಿದ ಪಟ್ಟಿಯಾಯಿತು. ಎಂಥ ಸೆಕೆಯಲ್ಲಿ! ಬಿಸಿಲಿಗೆ ಹೆದರಿದವರು ಬೆನ್ನಿಗೆ ರಜಾಯಿ ಕಟ್ಟಿಕೊಂಡರು.

ಫಿಲಿಪೀನ್ಸ್‌ನಲ್ಲಿದ್ದ ಅಮೆರಿಕದ ಸೇನೆ ಇದನ್ನು ಪರೀಕ್ಷಿಸಿಯೇ ನೋಡಿತು. ಒಂದು ಸಾವಿರ ಸೈನಿಕರಲ್ಲಿ ಅರ್ಧದಷ್ಟು ಜನರಿಗೆ ಕಿರಣ ತಡೆಯಲೆಂದು ಕಿತ್ತಳೆಗೆಂಪು ಒಳಉಡುಪು ತೊಡಿಸಿದರು. 1910ರಲ್ಲಿ ಹೊರಬಂದ ವರದಿ ಹೇಳಿದ್ದು ಇಷ್ಟೇ: ಲಾಭವೇನೂ ಇಲ್ಲ, ಸೆಕೆ ಮಾತ್ರ ಹೆಚ್ಚು.

ಸರಿಯಾದ ಉತ್ತರ ಅದಕ್ಕೂ ಮೊದಲೇ, ಸೂರ್ಯನೇ ಕಾಣದ ಕಡೆಯಿಂದ ಬಂದಿತ್ತು. ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಯ ಬಿಸಿಯಲ್ಲಿ ಮನುಷ್ಯ ದೇಹ ಎಷ್ಟು ತಾಳುತ್ತದೆಂದು ಅಳೆದು 1905ರಲ್ಲಿ ಪ್ರಕಟಿಸಿದ. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು, ಗಾಳಿಯಾಡದ ಜಾಗದಲ್ಲಿ, ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅಂಗಿ ಬಿಚ್ಚಿ ಕೂತವನ ಮೈಬಿಸಿಯೂ ಏರತೊಡಗುತ್ತದೆ. ದುಡಿಯುವವನಿಗೆ ಮಿತಿ ಇನ್ನೂ ಕೆಳಗೆ. ಬೆವರು ಆರಿದರೆ ದೇಹ ತಣಿಯುತ್ತದೆ. ಆರದಿದ್ದರೆ ಕಗ್ಗತ್ತಲ ಗಣಿಯಲ್ಲೂ 'ಬಿಸಿಲಾಘಾತ'. ನೀರು, ಗಾಳಿ, ನೆರಳು, ಬಿಡುವು ಇವೇ ಮುಖ್ಯ. ಮೈಬಣ್ಣಕ್ಕೆ ಇಲ್ಲಿ ಕೆಲಸವಿಲ್ಲ.

ಆದರೂ ಟೋಪಿ ತಲೆಯಿಂದ ಇಳಿಯಲಿಲ್ಲ. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಜಾರ್ಜ್ ಆರ್ವೆಲ್ 1944ರಲ್ಲಿ ಇದರ ಮರ್ಮ ಬರೆದ: ನಾವು ಬೇರೆ, ಈ ನಾಡಿನವರು ಬೇರೆ ಎಂದು ಸದಾ ತೋರಿಸುತ್ತಿರದೆ ಸಾಮ್ರಾಜ್ಯ ನಿಲ್ಲುವುದಿಲ್ಲ, ಟೋಪಿ ಅದರ ಒಂದು ಊರೆಗೋಲು. ಸಾಹೇಬನ ಬುರುಡೆ ತೆಳು ಎಂದಮೇಲೆ ಅವನ ಹೊರೆ ಹೊರುವವನ ಬುರುಡೆ ದಪ್ಪವಿರಲೇಬೇಕಲ್ಲ! ಕನ್ನಡದಲ್ಲಿ 'ಟೋಪಿ ಹಾಕು' ಎಂಬುದಕ್ಕೆ ಇರುವ ಅರ್ಥ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯವೇ ಅದನ್ನು ಕೈಬಿಟ್ಟಿತು.

ಟೋಪಿ ಹೋಯಿತು, 'ಇವರಿಗೆ ಬಿಸಿಲು ರೂಢಿ' ಎಂಬ ಮಾತು ಹೋಗಲಿಲ್ಲ. ಈಗ ಅದನ್ನು ಹೇಳುವವರು ನಾವೇ. ಬಿಸಿಲಿಗೆ ದೇಹ ಒಂದೆರಡು ವಾರದಲ್ಲಿ ಸ್ವಲ್ಪ ಹೊಂದಿಕೊಳ್ಳುವುದು ನಿಜ. ಬೆವರು ಬೇಗ ಬರುತ್ತದೆ, ಉಪ್ಪು ಕಡಿಮೆ ಸೋರುತ್ತದೆ. ಆದರೆ ಅದಕ್ಕೂ ಒಂದು ಗಡಿಯಿದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 46.8 ಡಿಗ್ರಿ ಬಿಸಿಲು ಬಿತ್ತು. ಆ ಒಂದೇ ತಿಂಗಳಲ್ಲಿ ಎಂದಿನ ಲೆಕ್ಕಕ್ಕಿಂತ 1,344 ಸಾವು ಹೆಚ್ಚಾಗಿದ್ದವೆಂದು ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. ಬಿಸಿಲಿಗೆ ಹುಟ್ಟಿ ಬೆಳೆದ ಊರು ಅದು. 2013ರಲ್ಲಿ ಆ ನಗರ ಮುನ್ನೆಚ್ಚರಿಕೆ, ಕುಡಿಯುವ ನೀರು, ವೈದ್ಯರಿಗೆ ತರಬೇತಿ ಎಲ್ಲವನ್ನೂ ಸೇರಿಸಿ ಶಾಖ ಕ್ರಿಯಾ ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲಿ ಅದೇ ಮೊದಲನೆಯದು.

ನಮ್ಮ ರೈತರು ತಲೆಗೆ ರುಮಾಲು ಸುತ್ತಿ, ನಸುಕಿಗೇ ಗಳೆ ಹೂಡಿ, ಮಟಮಟ ಮಧ್ಯಾಹ್ನ ಮರದಡಿ ಕೂರುತ್ತಿದ್ದುದು ಹಾಲ್ಡೇನನ ಲೆಕ್ಕಕ್ಕೆ ಸರಿಹೊಂದುತ್ತದೆ. ಹೊಲ ತಮ್ಮದಾದಾಗ ಅದು ಸಾಧ್ಯ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಒಳ್ಳೆಯ ಆದೇಶ. ಕಚೇರಿಯ ಎದುರಿನ ರಸ್ತೆಗೆ ಡಾಂಬರು ಹಾಕುತ್ತಿರುವವರ ಹೆಸರು ಆ ಆದೇಶದಲ್ಲಿ ಬರುವುದಿಲ್ಲ.