ಶಾಲೆಯಲ್ಲಿ ಸಹಪಾಠಿ ಪೀಡನೆ: ಶರಣರ ದಾರಿ

ಬಲವುಳ್ಳ ಮಗು ಮತ್ತೊಂದು ಮಗುವನ್ನು ಪದೇ ಪದೇ ಹೀಯಾಳಿಸುವುದು, ಹೊಡೆಯುವುದು, ಗುಂಪಿನಿಂದ ದೂರವಿಡುವುದು ಸಹಪಾಠಿ ಪೀಡನೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಮಾತಿನ ಮಕ್ಕಳೊಡನೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದವರ ಮಕ್ಕಳೂ ಕಲಿಯುತ್ತಾರೆ. ಅವರ ಮಾತಿನ ಧಾಟಿಯೇ ನಗೆಗೀಡಾಗಬಹುದು.

ಶರಣ ಪರಂಪರೆಯಲ್ಲಿ ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯರ ಹೆಸರಿನೊಡನೆ ಬಂದ ಕಾಯಕವು ಅವಮಾನವಲ್ಲ, ಗೌರವ. ಮಗುವಿನ ನುಡಿಯನ್ನೂ ಹೆತ್ತವರ ದುಡಿಮೆಯನ್ನೂ ನಾವು ಹಾಗೆಯೇ ಕಾಣಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಶಿಕ್ಷಕರ ನಡೆಯೇ ಮಕ್ಕಳಿಗೆ ಮೊದಲ ಪಾಠ.

ಮಗು ಶಾಲೆಗೆ ಹೋಗಲು ಅಂಜಿದರೆ ಗದರದೆ ಆಲಿಸೋಣ, ಮುಖ್ಯೋಪಾಧ್ಯಾಯರಿಗೆ ತಿಳಿಸೋಣ, ಅಗತ್ಯವಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋಣ. ಪೀಡಿಸಿದವರಲ್ಲಿ ನಮ್ಮ ಮಗುವೇ ಇದ್ದರೆ, ಮರೆಮಾಚದೆ, ಜರೆಯದೆ ತಿದ್ದುವುದೂ ನಮ್ಮದೇ ಹೊಣೆ.