ಮುಷ್ಕರದ ಕೇಸು: ಖರ್ಚು ಯಾರ ತಲೆಗೆ?

ತಣಿಸಂದ್ರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿರುವ ಕಾರ್ಮಿಕನನ್ನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ರಾಜಿ ಸಂಧಾನಕ್ಕೆ ಕರೆದರೆ, ಊರಿನ ಈ ತುದಿಯಿಂದ ಆ ತುದಿಗೆ ಬಸ್ಸು ಬದಲಿಸಿಕೊಂಡು ಹೋಗಬೇಕು, ಆ ದಿನದ ಕೂಲಿಯೂ ಖೋತಾ. ಇಂಥ ಖರ್ಚು ಯಾವ ತೀರ್ಪಿನಲ್ಲೂ ಬರೆಸಿಕೊಳ್ಳುವುದಿಲ್ಲ.

ತೀರ್ಪಿನಲ್ಲಿ ಬರೆಸಿಕೊಂಡ ಖರ್ಚಿನ ಕಥೆ ಬ್ರಿಟನ್ನಿನ ಟ್ಯಾಫ್ ವೇಲ್ ಪ್ರಕರಣದಿಂದ ಶುರು. ವೇಲ್ಸ್‌ನ ರೈಲ್ವೆ ನೌಕರರು 1900ರಲ್ಲಿ ಮುಷ್ಕರ ಹೂಡಿದರು. ನಷ್ಟಕ್ಕೆ ಕಾರ್ಮಿಕ ಸಂಘವನ್ನೇ ಹೊಣೆ ಮಾಡಬಹುದು ಎಂದು 1901ರಲ್ಲಿ ತೀರ್ಪಾಯಿತು. ಪರಿಹಾರ 23 ಸಾವಿರ ಪೌಂಡು, ಕೋರ್ಟು ಖರ್ಚೂ ಸೇರಿ ಸುಮಾರು 42 ಸಾವಿರ. ಅಲ್ಲಿನ ಸಂಸತ್ತು 1906ರಲ್ಲಿ ಕಾನೂನು ಮಾಡಿ ಸಂಘಗಳಿಗೆ ರಕ್ಷಣೆ ಕೊಟ್ಟಿತು.

ಆ ರಕ್ಷಣೆ ಇಲ್ಲಿಗೆ ಬರಲಿಲ್ಲ. ನಮ್ಮ ಬಿನ್ನಿಪೇಟೆಯ ಗಿರಣಿಯನ್ನು ನಡೆಸುತ್ತಿದ್ದ ಬಿನ್ನಿ ಕಂಪನಿ, ಮದರಾಸಿನಲ್ಲಿ ಕಾರ್ಮಿಕ ನಾಯಕ ಬಿ.ಪಿ. ವಾಡಿಯಾ ಮತ್ತು ಸಂಗಡಿಗರ ಮೇಲೆ ದಾವೆ ಹಾಕಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಅದರ ಬಿಸಿಗೇ ಕಾರ್ಮಿಕ ಮುಖಂಡ ಎನ್.ಎಂ. ಜೋಶಿ ಕಾನೂನಿಗಾಗಿ ಪಟ್ಟು ಹಿಡಿದರು. 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ನೋಂದಾಯಿತ ಸಂಘಕ್ಕೆ ಸಿವಿಲ್ ದಾವೆಗಳಿಂದ ಒಂದು ಮಟ್ಟಿನ ರಕ್ಷಣೆ ಸಿಕ್ಕಿತು. ಚಂದಾ ಹಣವನ್ನು ಕೇಸಿಗೆ ಖರ್ಚು ಮಾಡಲೂ ಅನುಮತಿ ಸಿಕ್ಕಿತು. ರೋಹ್ತಾಸ್ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು: ಮುಷ್ಕರ ಕಾನೂನುಬಾಹಿರವಾದರೂ ಅದಕ್ಕೆ ಕಾಯ್ದೆ ಹೇಳಿದ ದಂಡನೆಯೇ ಹೊರತು ಮಾಲೀಕನ ನಷ್ಟವನ್ನು ಕಾರ್ಮಿಕರು ತುಂಬಿಕೊಡಬೇಕಿಲ್ಲ ಎಂದಿತು.

ಇನ್ನು ಕೇಸಿನ ಖರ್ಚು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 11(7)ನೇ ಕಲಂ ಅದನ್ನು ಪೂರ್ತಿ ನ್ಯಾಯಮಂಡಳಿಯ ವಿವೇಚನೆಗೆ ಬಿಟ್ಟಿತು. ಯಾರು, ಯಾರಿಗೆ, ಎಷ್ಟು ಕೊಡಬೇಕೆಂದು ಅದೇ ಹೇಳಬಹುದಿತ್ತು. ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ. ಕಾಗದದ ಮೇಲೆ ಇದು ಭಾರೀ ಅಧಿಕಾರ. ಆದರೆ ಅವರವರ ಖರ್ಚು ಅವರವರದೇ ಎಂಬ ಸಾಲು ತೀರ್ಪುಗಳ ಕೊನೆಯಲ್ಲಿ ಮಾಮೂಲಾಗಿಬಿಟ್ಟಿದೆ. ಈ ಸಮಾನತೆ ನನಗೆ ಒಪ್ಪಿಗೆಯಿಲ್ಲ: ಒಬ್ಬರದು ಕಂಪನಿಯ ಲೆಕ್ಕದ ಖರ್ಚು, ಇನ್ನೊಬ್ಬರದು ಮನೆಯ ರೇಷನ್ನು. 1980–81ರಲ್ಲಿ ಜಾಲಹಳ್ಳಿಯ ಬಿಇಎಲ್, ಎಚ್‌ಎಂಟಿಯೂ ಸೇರಿದಂತೆ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ 77 ದಿನ ನಡೆಯಿತು. ಅಷ್ಟು ದಿನ ಕೆಲಸ ಬಿಟ್ಟು ಕೂತವರ ಹತ್ತಿರ ವಕೀಲರ ಫೀಸಿಗೆಂದು ಚಂದಾ ಕೇಳುವುದಾದರೂ ಹೇಗೆ?

ಈ ಅಂತರವನ್ನು ಕಾನೂನು ಅಡ್ಡದಾರಿಗಳಿಂದ ತುಂಬಲು ನೋಡಿತು. ಎದುರು ಪಕ್ಷದ ಒಪ್ಪಿಗೆ, ನ್ಯಾಯಮಂಡಳಿಯ ಅನುಮತಿ ಎರಡೂ ಇಲ್ಲದೆ ವಕೀಲರು ವಾದಿಸುವಂತಿಲ್ಲ ಎಂದು ಅದೇ 1947ರ ಕಾಯ್ದೆಯ 36ನೇ ಕಲಂ ಹೇಳಿತು. ಆದರೆ ಸಂಘದ ಅಥವಾ ಮಾಲೀಕರ ಒಕ್ಕೂಟದ ಪದಾಧಿಕಾರಿಯೇ ವಕೀಲನಾಗಿದ್ದರೆ ಅಡ್ಡಿಯಿಲ್ಲ ಎಂದು ಪಾರಾದೀಪ್ ಬಂದರಿನ ಪ್ರಕರಣದಲ್ಲಿ ತೀರ್ಪಾಗಿ, ಆ ಬೇಲಿಯಲ್ಲೊಂದು ಕಂಡಿ ಬಿತ್ತು. ಹೆಚ್ಚು ಕೆಲಸಕ್ಕೆ ಬಂದದ್ದು 1984ರಲ್ಲಿ ಜಾರಿಯಾದ 17ಬಿ ಕಲಂ. ಮರುನೇಮಕದ ಆದೇಶವನ್ನು ಮಾಲೀಕ ಹೈಕೋರ್ಟಿಗೊಯ್ದರೆ, ಬೇರೆ ಕೆಲಸ ಸಿಗದ ಕಾರ್ಮಿಕನಿಗೆ ಕೇಸು ಮುಗಿಯುವವರೆಗೂ ಕೊನೆಯ ಸಂಬಳ ಕೊಡುತ್ತಿರಬೇಕು ಎಂದು ಅದು ಹೇಳಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಉಚಿತ ನೆರವಿಗೆ ಅರ್ಹರಾದವರ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕನೂ ಇದ್ದಾನೆ. ಇದು ಎಷ್ಟೋ ಕಾರ್ಮಿಕರಿಗೆ ಗೊತ್ತೇ ಇಲ್ಲ.

ಸಿಂಡಿಕೇಟ್ ಬ್ಯಾಂಕಿನ ಉಮೇಶ್ ನಾಯಕ್ ಪ್ರಕರಣ (1994) ಖರ್ಚನ್ನು ಇನ್ನೊಂದು ಬಗೆಯಲ್ಲಿ ಏರಿಸಿತು. ಮುಷ್ಕರದ ದಿನದ ಸಂಬಳ ಬೇಕಾದರೆ ಆ ಮುಷ್ಕರ ಕಾನೂನುಬದ್ಧವೂ ಸಮರ್ಥನೀಯವೂ ಆಗಿರಬೇಕು, ಅದನ್ನು ತೀರ್ಮಾನಿಸುವುದು ಕೈಗಾರಿಕಾ ನ್ಯಾಯಮಂಡಳಿ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಒಂದು ದಿನದ ಸಂಬಳಕ್ಕೆ ಸಾಕ್ಷಿ, ಪಾಟೀಸವಾಲು, ವಾಯಿದೆಗಳ ಸಾಲೇ ಎದುರಾಗುತ್ತದೆ.

2025ರ ನವೆಂಬರ್ 21ರಿಂದ 1926, 1947ರ ಆ ಕಾಯ್ದೆಗಳ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಎಲ್ಲ ಉದ್ದಿಮೆಗಳಲ್ಲೂ ಮುಷ್ಕರಕ್ಕೆ ಮುಂಚೆ 14 ದಿನದ ನೋಟಿಸು ಕೊಡಬೇಕು. ಅರ್ಧದಷ್ಟು ಜನ ಒಟ್ಟಿಗೆ ರಜೆ ಹಾಕಿದರೂ ಅದು ಮುಷ್ಕರವೇ. ಮುಷ್ಕರ ಕಾನೂನುಬಾಹಿರವೇ ಎಂಬ ಜಗಳ ಇನ್ನು ಹೆಚ್ಚಾಗುವುದು ಖಂಡಿತ. ಆ ಜಗಳಕ್ಕೆ ಹಣ ಹೊಂದಿಸುವ ಪಾಡು ಮಾತ್ರ ಸಂಘದ ಖಜಾಂಚಿಯದೇ.